ಮಗ್ಗದ ಕುಣಿ ಮ್ಯಾಲಿನ ಬೆಳ್ಳಿ ಯಂತ್ರ

ನಮ್ಮ ಇಳಕಲ್ಲಿನ ಓಣ್ಯಾಗ ಏನರೆ ಒಂದು ನಡಿಲಾರದ ದಿನಾ ಇಲ್ಲರೀ. ನಾ ಹುಡುಕ್ಕೊಂಡು ಹೋಗಂಗಿಲ್ಲ ಮತ್ತ. ಜ್ವಾಳಾ ಹಸನ ಮಾಡ್ಕೋಂತ ಕಟ್ಟಿ ಮ್ಯಾಲೆ ಕುಂತಿರ್ತೇನಿ, ಸುದ್ದಿನ ತಾವಾಗಿ ಬಂದು ನನ್ನ ಕೇರೋ ಮರದಾಗ ಬೀಳತಾವು. ಈ ಸುದ್ದಿ ನಡದಾಗ ಟೀವಿ ಇನ್ನೂ ನಮ್ಮ ಓಣಿ ಕಂಡಿರಲಿಲ್ಲ. ಮಗ್ಗಲ ಮನಿ ಫಿಟ್ಟರ್ ಇದ್ದಾಗ ಅದರ ಅವಶ್ಯನೂ ಇರಲಿಲ್ಲ ಬಿಡ್ರಿ.

ಗಾಳಿ ತಗಿಯೋದು

ಈ ಫಿಟ್ಟರ್ ಮುಂಬೈದಾಗ ಕನ್ನಡಿ ಕಾರಖಾನ್ಯಾಗ ಹದಿನೈದು ವರ್ಷ ದುಡದಾವ. ಕಾರಖಾನಿ ಮುಚ್ಚಿದ ಮ್ಯಾಲೆ ಅಲ್ಲಿಂದು ಒಂದು ಹಳೇ ಯಂತ್ರ ಲಿಲಾವಿನ್ಯಾಗ ಹಿಡದು, ಬಾಗಲಕೋಟಿ ಸ್ಟೇಷನ್‌ನಿಂದ ಲಾರಿ ಮ್ಯಾಲೆ ಹೇರಿಕೊಂಡು ಬಂದಾ. ಕೆಳಗ ಕಬ್ಬಿಣದ ಪಂಪು, ಮ್ಯಾಲೆ ಕೋಳಿ ಮುಚ್ಚೋ ಬುಟ್ಟಿಯಂಥಾ ದೊಡ್ಡ ಗಾಜಿನ ಟೊಪ್ಪಿಗಿ.

ಇಡಾಕ ಜಾಗಾ ಎಲ್ಲೈತಿ? ಹೆಂಡತಿ ಸೀರಿ ನೇಯೋ ಮಗ್ಗಾ ಬಿಚ್ಚಿ ಅಟ್ಟಕ್ಕ ಹಾಕಿದಾ. ಆಕಿ ಕಾಲು ಬಿಟಗೊಂಡು ಕೂಡ್ತಿದ್ದ ನೆಲದಾಗಿನ ಕುಣಿಗೆ ಹಲಿಗಿ ಮುಚ್ಚಿ, ಅದರ ಮ್ಯಾಲೆ ಯಂತ್ರ ಕುಂದರಿಸಿದಾ.

"ಏನ್ರೀ, ನನ್ನ ಕುಣಿ?" ಅಂದ್ಲು ಆಕಿ.

"ಎರಡು ತಿಂಗಳಾ ತಡಿ. ಮಾರಿ ಬಿಡ್ತೇನಿ."

ಪಾಪ, ಆಕಿ ಮಗ್ಗದ ಲಾಳಿ ಒರಸಿ ಅಡಗಿಮನಿ ಗ್ವಾಡಿ ಮಾಡದಾಗ ಇಟಗೊಂಡ್ಲು. ದಿನಾ ರೊಟ್ಟಿ ಬಡಿವಾಗ ಅದನ್ನ ನೋಡಾಕಿ.

ನಾ ಕೇಳಿದೆ, "ಅಣ್ಣಾ, ಇದು ಏನ ಮಾಡತೈತಿ?"

"ಗಾಜಿನೊಳಗಿನ ಗಾಳಿ ಎಲ್ಲಾ ತಗೀತೈತಿ, ವೈನಿ."

"ನಿನ್ನ ಮನಿಗೆ ಗಾಳಿ ಬರಾಕಿದ್ದದ್ದು ಒಂದ ಕಿಡಕಿ. ಅದರ ಮುಂದ ತಂದು ಇಟ್ಟೀದಿ. ತಗದಾಗೇತಿ ಬಿಡು" ಅಂದೆ.

ತೆಳ್ಳಗಂದ್ರ ಎಷ್ಟು ತೆಳ್ಳಗ

ಎರಡು ತಿಂಗಳ ಹೋಗಿ ಎರಡು ವರ್ಷ ಆತು. ಹುನಗುಂದದಿಂದ ಒಬ್ಬ ಕಾಳಿನ ವ್ಯಾಪಾರಿ ಬಂದಾ. ಯಂತ್ರದ ಸುತ್ತ ಮೂರು ಸುತ್ತು ಹಾಕಿ, "ಕಾಳು ಎಲ್ಲಿ ಹಾಕೋದ್ರಿ?" ಅಂದಾ.

"ಕಾಳಲ್ರಿ ಸಾವಕಾರ್ರ. ಅಲ್ಯುಮಿನಿಯಂ ತಂತಿ ಹಾಕೋದು. ಅದು ಕಾದು, ಹೊಗಿಯಂಗ ಎದ್ದು ಗಾಜಿಗೆ ಕೂಡತೈತಿ, ಗಾಜು ಕನ್ನಡಿ ಆಗತೈತಿ."

"ಎಷ್ಟು ದಪ್ಪ?"

"ದಪ್ಪಲ್ರಿ, ತೆಳ್ಳಗ! ಒಂದು ಕೂದಲಾ ಸಾವಿರ ಸೀಳು ಸೀಳಿದ್ರ, ಅದರಾಗ ಒಂದು ಸೀಳು."

ವ್ಯಾಪಾರಿ ಚಪ್ಪಲಿ ಮೆಟ್ಟಿಕೊಂಡಾ. "ನಮ್ಮ ಹೋಟೆಲಿನವ ದ್ವಾಶಿಗೆ ತುಪ್ಪಾ ಅದಕ್ಕಿಂತಾ ತೆಳ್ಳಗ ಹಚ್ಚತಾನ. ಅವಂಗೇನು ಯಂತ್ರ ಬೇಕಾಗಿಲ್ಲ."

ಆಮ್ಯಾಲೆ ಬದಾಮಿಯಿಂದ ಖಾನಾವಳಿಯವ ಬಂದಾ. ಅವಂಗ ಯಂತ್ರ ಭಾಳ ಮನಸಿಗೆ ಬಂತು. ಫಿಟ್ಟರ್ ಖುಷಿಯಾಗಿ ಚಾ ತರಿಸಿದಾ. ಖಾನಾವಳಿಯವ ಚಾ ಕುಡದು ಮೀಸಿ ಒರಸಿಕೊಂಡು, "ಕೆಳಗಿನ ಕಬ್ಬಿಣ ನೀವ ಇಟಗೋರಿ. ಟೊಪ್ಪಿಗಿ ಅಷ್ಟ ಕೊಡ್ರಿ. ಭಜಿ ಮ್ಯಾಲೆ ನೊಣಾ ಭಾಳ ಕೂಡತಾವು" ಅಂದಾ.

ನಾ ಸುಮ್ಮ ಕುಂತದ್ದು

ಆದ್ರ ಖರೆ ಹೇಳ್ತೇನಿ, ಒಂದಿನಾ ಮಧ್ಯಾಹ್ನ ಅದನ್ನ ಚಾಲೂ ಮಾಡಿ ತೋರಿಸಿದಾ. ಓಣಿ ಮಂದಿ ಎಲ್ಲಾ ಕುಂತಿದ್ವಿ. ಕಿಡಕಿಗೆ ಕಂಬಳಿ ಕಟ್ಟಿದ್ದಾ. ಪಂಪು ಗೊರ್ರ್ ಅಂತ ಒಂದ ಸವನ ಗೊಣಗಾಡಿತು, ನಮಗ ನಿದ್ದಿ ಬಂದಂಗಾತು. ಅಷ್ಟರಾಗ ಗಾಜಿನೊಳಗ ಬೆಳಕು ಬಂತರೀ. ಜಾಂಬಳಿ, ನೇರಳಿ ಹಣ್ಣಿನ ಬಣ್ಣದ್ದು. ಹೊಸಾ ಸೀರಿ ಸೆರಗು ನೀರಾಗ ತೇಲಿ ಬಿಟ್ಟಂಗ, ಮೆತ್ತಗ ಅಳಗಾಡತಿತ್ತು. ಆಮ್ಯಾಲೆ ಅದು ಆರಿತು. ತಂತಿ ಕೆಂಪಗಾತು, ಬೆಳ್ಳಗಾತು, ನೋಡ್ತಾ ನೋಡ್ತಾ ಇಲ್ಲದಂಗಾತು. ಒಳಗಿಟ್ಟ ಗಾಜಿನ ತುಂಡು ಮೊದಲ ಮಂಜು, ಆಮ್ಯಾಲೆ ಬೆಳ್ಳಿ. ಅದರಾಗ ನಾವೆಲ್ಲಾ ಕುಂತಿದ್ವಿ, ಸಣ್ಣಸಣ್ಣಾವು, ಯಾವುದೋ ಬ್ಯಾರೆ ಊರಿನ ಮಂದಿಯಂಗ.

  ಮನಿಗೆ ಹೋದ ಮ್ಯಾಲೂ ಒಂದು ತಾಸು ಬಾಯಿಂದ ಮಾತು ಹೊಂಡಲಿಲ್ಲ.

ನನ್ನ ಗಂಡ ನನ್ನ ಮಾರಿ ನೋಡಿ, "ಆ ಯಂತ್ರಕ್ಕ ಎಷ್ಟು ಹೇಳ್ತಾನಂತ? ನಾವ ತಗೊಳ್ಳೋಣೇನು?" ಅಂದಾ.

ಖಂಡೆ ಪೂಜಿ

ಫಿಟ್ಟರಂದು ಒಂದು ಮಡಿ ಇತ್ತು. ಹತ್ತೂ ಬಟ್ಟು ಮುಚ್ಚೋ ಕೈಚೀಲ ಹಾಕ್ಕೊಂಡ ಗಾಜು ಮುಟ್ಟಾವ. "ಈ ಮಗ್ಗಲು ಗಾಜಿನ ಮುಖ, ತಿಳೀತಿಲ್ಲೋ? ಇದಕ್ಕ ಬಟ್ಟು ಹಚ್ಚಬ್ಯಾಡ್ರಿ! ಬೆರಳಿನ ಗುರುತು ಬಿದ್ದಲ್ಲಿ ಬೆಳ್ಳಿ ನೆಟ್ಟಗ ಕೂಡಂಗಿಲ್ಲ" ಅಂತ ಓಣಿಗೆಲ್ಲಾ ಬೈದು ಹೇಳಿದ್ದಾ.

ಕಡೀಕ ಬಾಗಲಕೋಟಿ ಕನ್ನಡಿ ವ್ಯಾಪಾರಿ ಒಬ್ಬ ಬರ್ತೇನಂದಾ. ಬರೋ ದಿನಾ ನೆಟ್ಟಗ ಖಂಡೆ ಪೂಜಿ, ಮನ್ಯಾನ ಹತಾರಕ್ಕೆಲ್ಲಾ ಪೂಜಿ ಮಾಡೋ ದಿನಾ. ಫಿಟ್ಟರ್ ಆರು ಗಾಜು ತೊಳದು, ಮುಖ ಕೆಳಗ ಮಾಡಿ ಯಂತ್ರದಾಗಿಟ್ಟು, ಅವನ್ನ ಕರಕೊಂಡು ಬರಾಕ ಬಸ್‌ಸ್ಟ್ಯಾಂಡಿಗೆ ಹೋದಾ.

ಇತ್ತ ಹೆಂಡತಿ ಇಳಿಗಿ, ಕತ್ತರಿ, ಒಳ್ಳು, ಲಾಳಿ ಎಲ್ಲಾಕ್ಕೂ ವಿಭೂತಿ ಹಚ್ಚಿ ಯಂತ್ರದ ಮುಂದ ಬಂದು ನಿಂತ್ಲು. "ಅಕ್ಕಾ, ಇದು ಇವತ್ತರೆ ಹೋಗಬೇಕ. ಇದಕ್ಕೂ ಹಚ್ಚಿದ್ರ ಚಲೋ" ಅಂದ್ಲು. ಖರೆ ಅನಿಸ್ತು. ನಾ ತೊಲಿಗೆ ಕಟ್ಟಿದ ಹಗ್ಗಾ ಜಗ್ಗಿ ಟೊಪ್ಪಿಗಿ ಎತ್ತಿ ಹಿಡದೆ.

"ಹೊರಗ ಹಚ್ಚಿದ್ರ ಸಾಕಲ್ಲ, ತಂಗಿ?"

"ಮುಖ ಒಳಗೈತಿ ಅಂತ ಅವರ ಹೇಳ್ಯಾರಲ್ಲಕ್ಕಾ. ಹಣಿ ಬಿಟ್ಟು ಬೆನ್ನಿಗೆ ಹಚ್ಚತಾರೇನು?"

ಒದ್ದಿ ವಿಭೂತಿ, ಮೂರು ಬಟ್ಟು, ಆರೂ ಗಾಜಿಗೆ. ಮತ್ತ ಮುಖ ಕೆಳಗ ಮಾಡಿ ಇಟ್ಟು ಟೊಪ್ಪಿಗಿ ಮುಚ್ಚಿದ್ವಿ.

ವ್ಯಾಪಾರಿ ಬಂದಾ. ಪಂಪು ಗೊರ್ರ್ ಅಂತು, ಬೆಳಕು ಬಂತು, ಬೆಳ್ಳಿ ಕುಂತಿತು. ಫಿಟ್ಟರ್ ಕೈಚೀಲದಾಗ ಕೂಸಿನ್ನ ಹಿಡದಂಗ ಗಾಜು ಹೊರಗ ತಗದಾ. ಒರಸಿದಾ. ಬೂದಿ ಉದುರಿತು, ಆದ್ರ ಬೂದಿ ಕೆಳಗ ಬೆಳ್ಳಿ ಎಲ್ಲಿಂದ ಬರಬೇಕು? ಕನ್ನಡಿ ನಡುವ ಮೂರು ಗೀಟು ಬಯಲೋ ಬಯಲು.

ವ್ಯಾಪಾರಿ ಆರೂ ನೋಡಿ ಕೈ ಮುಗದಾ. "ಫಿಟ್ಟರ, ಯಂತ್ರ ಭಾಳ ಭಕ್ತಿವಂತ ಐತಿ. ನಮ್ಮಂಥಾ ವ್ಯಾಪಾರಸ್ತರ ಕಡೆ ಇರೂದಲ್ಲ ಇದು" ಅಂದು ಮುಂದಿನ ಬಸ್ಸಿಗೆ ಹೋದಾ.

ಫಿಟ್ಟರ್ ಬೈಲಿಲ್ಲ. ಹೆಂಡತಿ ಅಳಲಿಲ್ಲ. ಹಲಿಗಿ ಸಂದಿನ್ಯಾಗ ಕೈ ಇಳಿಬಿಟ್ಟು, ಕೆಳಗಿನ ಕುಣಿ ತಂಪು ನೋಡ್ತಾ ಕುಂತ್ಲು.  ಹಗ್ಗಾ ಜಗ್ಗಿದಾಕಿ ನಾನ ಅಲ್ಲೇನ್ರಿ?

ಮೂರು ಬಟ್ಟು

ಮುಂದಿನ ಸೋಮವಾರ ಕೂಡಲಸಂಗಮಕ್ಕ ಹೋದೆ. ಸುದ್ದಿ ಹೊಟ್ಟ್ಯಾಗ ಹಿಡೀಲಿಲ್ಲ. ಬಸ್ಸಿನ್ಯಾಗ ಹೇಳಿದೆ, ಹೊಳಿ ದಂಡಿಗೆ ಹೇಳಿದೆ, ಫೋಟೋಕ್ಕ ಕಟ್ಟು ಹಾಕೋ ಅಂಗಡ್ಯಾಗ ನೀರು ಕುಡಿಯಾಕ ನಿಂತು ಅಲ್ಲೂ ಹೇಳಿದೆ. ನಾಕು ದಿನಕ್ಕ ಆ ಅಂಗಡಿಯವ ನಮ್ಮ ಓಣ್ಯಾಗ ಬಂದು ನಿಂತಾ!

ಕೆಟ್ಟ ಗಾಜು ಒಂದು ಕೈಯಾಗ ಹಿಡದು, ಹಿಂದ ಬಿಳಿ ಕಾಗದಾ ಇಟ್ಟು, ಮಾರಿ ನೋಡಿಕೊಂಡಾ. ಬಯಲಿದ್ದ ಗೀಟು ಬೆಳ್ಳಗಾಗಿ ನೆಟ್ಟಗ ಅವನ ಹಣಿ ಮ್ಯಾಲೆ ಬಂದು ಕುಂತ್ವು. ನನ್ನ ಗಂಡನ್ನ ಕರದು ತೋರಿಸಿದ್ವಿ. ಲಗ್ನಾದಾಗಿಂದ ವಿಭೂತಿ ಹಚ್ಚಲಾರದ ಹಣಿ ಅದು, ಕನ್ನಡ್ಯಾಗ ಶರಣರ ಹಣಿ ಆಗಿ ಬಿಡ್ತು.

"ಯಂತ್ರ ನಂದು, ಸಂಗಮಕ್ಕ ಬರೋ ಭಕ್ತರು ಇಂಥಾ ಕನ್ನಡಿ ಬಿಡಂಗಿಲ್ಲ" ಅಂದಾ ಅಂಗಡಿಯವ. "ಆದ್ರ ಈ ಗೀಟು ಎಳದ ಕೈನೂ ಕಳಸ್ರಿ."

ಹೆಂಡತಿ ಮಾಡದಾಗಿನ ಲಾಳಿ ತಗೊಂಡು ಹೊರಗ ಬಂದ್ಲು. "ನನ್ನ ಕೈಗೆ ಕೆಲಸಾ ಐತ್ರಿ. ಇವರನ್ನ ಕರಕೊಂಡು ಹೋಗ್ರಿ, ಇವರಿಗೂ ಬಟ್ಟು ಅದಾವು" ಅಂದ್ಲು.

ಯಂತ್ರ ಹೋದ ದಿನಾನ ಆಕಿ ಹಲಿಗಿ ತಗದ್ಲು. ಈಗ ನಾ ಜ್ವಾಳಾ ಹಸನ ಮಾಡುವಾಗ ಮಗ್ಗಲ ಮನ್ಯಾಗ ಮಗ್ಗಾ ಟಕ್‌ಟಕ್ ಅಂತಿರತೈತಿ, ಕೇಳ್ತಾ ಕೇಳ್ತಾ ಕಣ್ಣು ಎಳದುಕೊಂಡು ಹೋಗತಾವು.

ಫಿಟ್ಟರ್ ವಾರಕ್ಕ ಐದು ದಿನಾ ಸಂಗಮದಾಗ. ಮೊನ್ನೆ ಹೋಗಿ ನೋಡಿದೆ. ಕೈಚೀಲ ಗೂಟಕ್ಕ ಜೋತುಬಿದ್ದಿತ್ತು. ತಾ ಒಬ್ಬನ ಕುಂತು, ಮೂರು ಬಟ್ಟು ವಿಭೂತಿ ಬಟ್ಟಲದಾಗ ಅದ್ದಿ, ನಾಲಿಗಿ ಕಚ್ಚಿ ಹಿಡದು ಗಾಜಿನ ಮುಖಕ್ಕ ಗೀಟು ಎಳೀತಿದ್ದಾ. ಚಂದ ಕಾಣ್ತಂತ ನಾ ಒಂದು ಗಾಜಿನ ಕಡೆ ಹಂಗ ಕೈ ಚಾಚಿದೆ.

ಬೂದಿ ಕೈ ಎತ್ತಿ ಒದರಿದಾ: "ವೈನಿ! ಬಟ್ಟು ಹಚ್ಚಬ್ಯಾಡ್ರಿ!"