ಹಸಿರು ಸೀರೆಯ ಗಂಡಾಂತರ

ನನ್ನ ಬೀರುವಿನಲ್ಲಿ ಇದ್ದದ್ದು ಒಂದೇ ಒಂದು ಹಸಿರು ರೇಷ್ಮೆ ಸೀರೆ. ನನ್ನ ಮದುವೆಯಾದಾಗಿನಿಂದಲೂ ಅದರ ಮೇಲೆ ನಾದಿನಿ ಯಶೋದೆಯ ಕಣ್ಣು. ತೊಂಬತ್ತಾರನೇ ಇಸವಿಯ ಆಷಾಢದಲ್ಲಿ ನಾಗಮಂಗಲಕ್ಕೆಲ್ಲ ಒಂದು ಸುದ್ದಿ ಹಬ್ಬಿತು: ಅತ್ತಿಗೆಯಾದವಳು ನಾದಿನಿಗೆ ಹಸಿರು ಸೀರೆ ಕೊಡದಿದ್ದರೆ ಅಣ್ಣನಾದವನಿಗೆ ಗಂಡಾಂತರ! ಯಶೋದೆಯ ಅಣ್ಣ ಎಂದರೆ ನಮ್ಮ ಯಜಮಾನರು, ಚಲುವರಾಜು.

"ಯಾರ್ರೀ ಹೇಳಿದ್ದು ಇದ್ನ?"

"ಎಲ್ರೂ ಅಂತಾವ್ರೆ. ಕೊಟ್ಬುಡು ಕಣೆ ಪ್ರಮೀಳಾ, ನನ್ ಜೀವಕ್ಕಿಂತ ಸೀರೆ ಎಚ್ಚಾ?"

(ಈ ಜೀವ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತದೆ. ಅದರಿಂದ ಗಂಡಾಂತರವಿಲ್ಲವಂತೆ, ಸೀರೆಯಿಂದ ಉಂಟಂತೆ.)

ಬೈದರೆ ಸುದ್ದಿ ಸಾಯುವುದಿಲ್ಲ, ಅದರ ಬೆನ್ನಿಗೆ ಇನ್ನೊಂದು ಸುದ್ದಿಯನ್ನೇ ಬಿಡಬೇಕು. ಹಿಟ್ಟಿನ ಮಿಲ್ಲಿನಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮನ ಕಿವಿ ಸಿಕ್ಕಿತು.

"ನಮ್ಮೂರೋರು ತಪ್ಪು ತಿಳ್ಕೊಂಡವ್ರೆ ಕಣಕ್ಕ. ತೊಣ್ಣೂರು ಕೆರೆ ಏರಿ ಮ್ಯಾಲೆ ಒಬ್ರು ಮುತ್ತೈದೆ ಹೇಳಿ ಮಾಯವಾದ್ರಂತೆ. ಸೀರೆ ಕೊಡ್ಬೇಕಾದ್ದು ನಾದ್ನಿ, ಈಸ್ಕೋಬೇಕಾದ್ದು ಅತ್ಗೆ. ಯಾರ್ಗೂ ಹೇಳ್ಬ್ಯಾಡಿ!"

ಆ ಕೊನೆಯ ಮಾತಿಗಿರುವ ಶಕ್ತಿ ದೂರದರ್ಶನಕ್ಕೂ ಇಲ್ಲ. ನನ್ನ ಸುಳ್ಳು ಬಸ್ಸು ಹತ್ತಿ ಪಾಂಡವಪುರ, ಕೆ.ಆರ್.ಪೇಟೆ ಸುತ್ತಿ ವಾಪಸ್ಸು ಬರುವಷ್ಟರಲ್ಲಿ ಆ ಮುತ್ತೈದೆಗೆ ಮೂಗುತಿ ಬಂದಿತ್ತು, ಹಿಂದೆ ಒಂದು ಬಿಳಿ ಹಸುವೂ ಸೇರಿಕೊಂಡಿತ್ತು. ಅತ್ತಿಗೆಯರಾದವರು ಯಾರೂ ಅನುಮಾನಪಡಲಿಲ್ಲ. ತನಗೆ ಸೀರೆ ಬರುವ ಸುದ್ದಿಯನ್ನು ಯಾರು ತಾನೇ ಸುಳ್ಳೆನ್ನುತ್ತಾರೆ?

ಭಾನುವಾರ ಕೆ.ಆರ್.ಪೇಟೆಯ ಗಂಡನ ಮನೆಯಿಂದ ಯಶೋದೆ ಮುಖ ಊದಿಸಿಕೊಂಡು ಬಂದಳು. ಕೈಯಲ್ಲಿ ಹೊಚ್ಚ ಹೊಸ ಹಸಿರು ಸೀರೆ!

"ತಕ್ಕಳಿ ಅತ್ಗೆ. ನಮ್ಮಣ್ಣ ಚೆಂದಾಗಿದ್ರೆ ಸಾಕು."

ಪಟ್ಟದ ರಾಣಿಯ ಗತ್ತಿನಲ್ಲಿ ಸ್ವೀಕರಿಸಿದೆ. ಅವಳ ಮುಂದೆಯೇ ಉಟ್ಟು ಓಡಾಡಿದೆ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಗ ಬಾಗಿಲು ಬಡಿದ ಸದ್ದಾಯಿತು. ತವರೂರು ತೊಣ್ಣೂರಿನಿಂದ ನನ್ನ ಇಬ್ಬರು ಅತ್ತಿಗೆಯರು ಖಾಲಿ ಬ್ಯಾಗು ಹಿಡಿದು ನಿಂತಿದ್ದರು. (ನನಗೆ ಮೂವರು ಅಣ್ಣಂದಿರು. ಗೆಲ್ಲುವ ಭರದಲ್ಲಿ, ನಾನೂ ನಾದಿನಿಯೇ ಎನ್ನುವುದು ಮರೆತೇಹೋಗಿತ್ತು.)

"ನಿಮ್ಮಣ್ಣದೀರ ಒಳ್ಳೇದ್ಕೇ ಬಂದ್ವಿ ಕಣವ್ವ," ಎಂದರು ದೊಡ್ಡತ್ತಿಗೆ ಪುಟ್ಟಲಕ್ಷ್ಮಮ್ಮ. "ನಮ್ಮೂರ ಏರಿ ಮ್ಯಾಲೇ ಅಲ್ವಾ ಹೇಳಿದ್ದು! ಆ ಮುತ್ತೈದೇನ ನಾನೇ ಕಣ್ಣಾರೆ ಕಂಡೆ."

ಸುಳ್ಳು ಎಂದು ಹೇಳೋಣವೆಂದರೆ ಯಶೋದೆ ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಉಟ್ಟದ್ದನ್ನು ಬಿಚ್ಚಿ ಒಬ್ಬರಿಗೆ, ಬೀರುವಿನಲ್ಲಿದ್ದದ್ದನ್ನು ಇನ್ನೊಬ್ಬರಿಗೆ ಕೊಟ್ಟೆ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೊರಟರು. ಆ ಮುತ್ತೈದೆಯನ್ನು ಹುಟ್ಟಿಸಿದವಳು ನಾನೇ, ನಿಜ. ಆದರೆ ಈಗ ಕಣ್ಣಾರೆ ಕಂಡವರೇ ಇದ್ದಾರಲ್ಲ! ಚಿಕ್ಕತ್ತಿಗೆ ಬೇರೆ ಬಂದಿರಲಿಲ್ಲ. ಚಿಕ್ಕಣ್ಣನ ಮುಖ ನೆನಪಾಗಿ ಯಜಮಾನರನ್ನು ಕೂಗಿದೆ.

"ರೀ, ಅಂಗ್ಡಿಗೆ ಓಡಿ! ಅವ್ರ ಬಸ್ಸು ಹೊರಡೋದ್ರೊಳ್ಗೆ ಇನ್ನೊಂದು ಹಸಿರು ಸೀರೆ ತಂದ್ಬುಡಿ!"