ಸೊರಬದಲ್ಲಿ ಸಾಯಲೇಬೇಕು

ನಾಟಕ ಕಂಪನಿ ಅಂದಮೇಲೆ ಫಜೀತಿ ದಿನಾ ಇದ್ದದ್ದೇ. ಆದರೆ ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಟರಿಗೆ ಮಾತು ಹೇಳಿಕೊಡುವ ನನ್ನಂಥವನು ನಗುವ ಹಾಗಿಲ್ಲ. ಕರ್ನಾಟಕ ಒಂದಾದ ಹೊಸತರಲ್ಲಿ ನುಂಗಿಕೊಂಡ ನಗುವನ್ನು ಈಗ ನಿಮ್ಮ ಮುಂದೆ ಕಕ್ಕುತ್ತಿದ್ದೇನೆ, ತಡೆದುಕೊಳ್ಳಿ.

೧. ಯಜಮಾನರ ಕಿವಿ

ನಮ್ಮ ಕಂಪನಿಯ ಮಾಲೀಕ, ನಿರ್ದೇಶಕ, ಕಥಾನಾಯಕ ಎಲ್ಲ ಒಬ್ಬರೇ. ಯಜಮಾನರು ಅನ್ನುತ್ತಿದ್ದೆವು. ರಂಗಕ್ಕೆ ಬಂದು ನಲವತ್ತು ವರ್ಷವಾದರೂ ಪುಣ್ಯಾತ್ಮರು ಒಂದು ಮಾತು ಬಾಯಿಪಾಠ ಮಾಡಿದವರಲ್ಲ. ವಿಂಗಿನಿಂದ ಏನು ಕೇಳಿಸಿದರೂ ಅದನ್ನೇ ಕಂಚಿನ ಕಂಠದಲ್ಲಿ ಒಪ್ಪಿಸುವುದು, ಅದೇ ಅವರ ಅಭಿನಯ.

ಶಿಕಾರಿಪುರದ ಕ್ಯಾಂಪಿನಲ್ಲಿ ಪ್ರಣಯದ ದೃಶ್ಯ ನಡೆದಿತ್ತು. ನನಗೆ ಚಹಾ ತಂದ ಹೋಟೆಲಿನವರಿಗೆ, "ನಾಳಿಂದ ಸಕ್ಕರೆ ಜಾಸ್ತಿ ಹಾಕ್ರೀ" ಅಂದೆ. ಯಜಮಾನರು ನಾಯಕಿಯ ಕೈ ಹಿಡಿದು, "ನಾಳಿಂದ ಸಕ್ಕರೆ ಜಾಸ್ತಿ ಹಾಕ್ರೀ!" ಎಂದು ಗರ್ಜಿಸಿದರು.

ಆಕೆ ಪಳಗಿದ ನಟಿ. ತಲೆ ತಗ್ಗಿಸಿ, "ಆಗಲಿ ಪ್ರಾಣಕಾಂತ" ಅಂದಳು. ಜನ ಚಪ್ಪಾಳೆ ತಟ್ಟಿದರು.

೨. ಕೈಲಾಸದ ಪರದೆ

ಸೊರಬದ ಶಾಲಾ ಮೇಷ್ಟ್ರೊಬ್ಬರ ನಾಟಕಕ್ಕೆ ಬೆಂಗಳೂರಿನಲ್ಲಿ ಬಹುಮಾನ ಬಂತು. ಬಡ ಉಪಾಧ್ಯಾಯನೊಬ್ಬ ಜ್ವರದಲ್ಲಿ ಸಾಯುವ ಕಥೆ. 'ಬಹುಮಾನಿತ ನಾಟಕ' ಅಂತ ಬೋರ್ಡು ಬರೆಸುವ ಆಸೆಗೆ ಯಜಮಾನರು ಮೇಷ್ಟ್ರನ್ನು ಕರೆಸಿ ಓದಿಸಿದರು. ಮೊದಲ ಅಂಕಕ್ಕೇ ಗೊರಕೆ. ಓದು ಮುಗಿದಾಗ ಕಣ್ಣುಜ್ಜಿಕೊಂಡು, "ಅದ್ಭುತ! ಆದ್ರೆ ಕೈಲಾಸ ಎಲ್ಲೈತ್ರೀ?" ಅಂದರು.

"ಸಾಮಾಜಿಕ ನಾಟಕ ಮಾರಾಯ್ರೆ, ಕೈಲಾಸ ಯಾಕೆ?"

"ಪರದೆ ಹೊಸದಾಗಿ ಬರೆಸೀನಲ್ರೀ! ಮತ್ತೆ, ನಾಯಕ ಸಾಯಂಗಿಲ್ಲ. ಕೊನೆಗೆ ಮಂಗಳಾರತಿ ಎತ್ತೋನು ನಾನು. ಹೆಣ ಆರತಿ ಎತ್ತತೇನ್ರೀ?"

ಕೆಂಪು ಪೆನ್ಸಿಲಿನಲ್ಲಿ ತಿದ್ದಿದ ಪ್ರತಿ ನನ್ನ ಕೈಗೆ ಬಂತು. ಶಿರಾಳಕೊಪ್ಪದ ಮೊದಲ ಪ್ರಯೋಗದಲ್ಲಿ ಉಪಾಧ್ಯಾಯ ಕಣ್ಣು ಮುಚ್ಚಿದ್ದೇ ತಡ, ಕೈಲಾಸದ ಪರದೆ ಇಳಿಯಿತು. ಶಿವ ಪ್ರತ್ಯಕ್ಷನಾಗಿ ಆಯುಸ್ಸು ಕೊಟ್ಟ, ಹೆಡ್‌ಮಾಸ್ಟರ್ ಕೆಲಸವನ್ನೂ ಕೊಟ್ಟ.

ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ನೇರ ಒಳಗೆ ಬಂದು ನನ್ನನ್ನು ಕೇಳಿದರು: "ಇದನ್ನ ಬರೆದ ಮಹಾನುಭಾವ ಯಾರ್ರೀ?"

೩. ಕೊಟ್ಟ ಮಾತು

ಮುಂದಿನ ಕ್ಯಾಂಪು ಸೊರಬ. ಮೇಷ್ಟ್ರು ಯಜಮಾನರ ಮುಂದೆ ಹಠ ಹಿಡಿದರು. "ಶಿರಾಳಕೊಪ್ಪದಲ್ಲಿ ಬದುಕಿದ್ದು ಬದುಕಿದ್ರಿ. ಸೊರಬದಲ್ಲಿ ಮಾತ್ರ ನೀವು ಸಾಯಲೇಬೇಕು. ನಮ್ಮೂರಲ್ಲಿ ನಾನು ನಾಳೆ ತಲೆ ಎತ್ತಿ ಓಡಾಡಬೇಕಲ್ಲ!" ನನಗೆ ಪಾಪ ಅನ್ನಿಸಿತು.

"ನಿಮ್ಮ ಒಂದು ಮಾತಿಗಾದ್ರೂ ಜನ ಒನ್ಸ್ ಮೋರ್ ಅಂದಾರೇನ್ರೀ?" ಎಂದು ಯಜಮಾನರು ಚುಚ್ಚಿದರು.

"ಹಂಗಾದ್ರೆ ನಾಟಕ ವಾಪಸ್ ಕೊಡಿ."

ಬೋರ್ಡು ಆಗಲೇ ಬರೆಸಿಯಾಗಿತ್ತು. ಯಜಮಾನರು ನಿಟ್ಟುಸಿರು ಬಿಟ್ಟು, "ಆತು, ನಿಮ್ಮೂರಲ್ಲಿ ಒಂದು ಸಲ ಸಾಯ್ತೀನಿ" ಅಂದರು.

೪. ಸೊರಬದ ಸಾವು

ಮೇಷ್ಟ್ರು ನನ್ನನ್ನೂ ನಂಬಲಿಲ್ಲ. ನನ್ನ ಸ್ಟೂಲಿನ ಮೇಲೆ ತಾವೇ ಕೂತು, ತಮ್ಮದೇ ಪ್ರತಿ ಹಿಡಿದು ಮಾತು ಹೇಳಿಕೊಟ್ಟರು. ಬರೆದದ್ದು ಬರೆದ ಹಾಗೇ ಬಂತು. ಯಜಮಾನರು ಮಂಚದ ಮೇಲೆ ಉಸಿರು ಬಿಟ್ಟಾಗ ಟೆಂಟಿನ ತುಂಬ ಮುಸಿಮುಸಿ ಅಳು. ಮೇಷ್ಟ್ರು ಕಣ್ಣೊರೆಸಿಕೊಂಡು, "ಈಗ ಇದು ನನ್ನ ನಾಟಕ ಕಣ್ರೀ" ಅಂದರು.

ಆಗೆಲ್ಲ ಸನ್ಮಾನ ನಾಟಕದ ನಡುವೆಯೇ ಆಗುತ್ತಿತ್ತು. ಊರ ಪಟೇಲರು ರಂಗ ಹತ್ತಿ, "ನಮ್ಮೂರ ನಾಟಕಕಾರರಿಗೆ ಈ ಶಾಲು..." ಎಂದು ಶುರುಮಾಡಿದರು.

ಶಾಲು ಅಂದದ್ದು ಕೇಳಿ ಹೆಣ ಒಂದು ಕಣ್ಣು ತೆರೆಯಿತು. ತಮ್ಮ ರಂಗದ ಮೇಲೆ ಇನ್ನೊಬ್ಬರು ಶಾಲು ಹೊದೆಯುವುದನ್ನು ಯಜಮಾನರು ಜನ್ಮದಲ್ಲಿ ಕಂಡವರಲ್ಲ. ಎದ್ದರು, ಕೈಮುಗಿದರು, ಬೆನ್ನು ಬಗ್ಗಿಸಿದರು. ಗಾಬರಿಬಿದ್ದ ಪಟೇಲರು ಅವರಿಗೇ ಹೊದಿಸಿಬಿಟ್ಟರು.

ಮೇಷ್ಟ್ರು ವಿಂಗಿನಿಂದ ಅರಚಿದರು: "ಸತ್ತಿದ್ದೀರಿ ಕಣ್ರೀ! ನಾಚ್ಕೆ ಆಗಲ್ವಾ? ಸುಮ್ನೆ ಮಲಗ್ರೀ!"

ನಲವತ್ತು ವರ್ಷದ ಅಭ್ಯಾಸ, ಬಿಡುತ್ತದೆಯೇ? ಯಜಮಾನರು ಪಟೇಲರತ್ತ ಕೈಚಾಚಿ, ಕಂಚಿನ ಕಂಠದಲ್ಲಿ, "ಸತ್ತಿದ್ದೀರಿ ಕಣ್ರೀ! ನಾಚ್ಕೆ ಆಗಲ್ವಾ? ಸುಮ್ನೆ ಮಲಗ್ರೀ!" ಎಂದು ಅಬ್ಬರಿಸಿದರು.

ಪಟೇಲರು ಬೆಚ್ಚಿ ಹಿಂದೆ ಸರಿದರು, ಕಾಲಿಗೆ ಮಂಚ ತಾಗಿ ಅದರ ಮೇಲೆಯೇ ಅಂಗಾತ ಬಿದ್ದರು. ಅಳುತ್ತಿದ್ದ ಜನ ಬಿದ್ದೂಬಿದ್ದೂ ನಕ್ಕು, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗಿದರು. ಯಜಮಾನರು ಇನ್ನೆರಡು ಸಲ ಹೇಳಿದರು.

ಆಮೇಲೆ ಶಾಲು ಹೊದ್ದುಕೊಂಡೇ ಮಂಗಳಾರತಿ ಎತ್ತಿ, ತಟ್ಟೆಯನ್ನು ವಿಂಗಿಗೆ ತಂದು ಮೇಷ್ಟ್ರ ಮುಂದೆ ಹಿಡಿದರು.

"ತಗೊಳ್ರೀ ಮೇಷ್ಟ್ರೇ. ಕೊನೆಗೂ ನಿಮ್ಮ ಮಾತಿಗೂ ಒನ್ಸ್ ಮೋರ್ ಬಂತಲ್ರೀ!"