ಬಾತುಕೋಳಿಯ ಬದಲು ತೀರ್ಪುಗಾರರನ್ನೇ ತಂದ ನಾಯಿಯ ಪರವಾಗಿ

ನಮ್ಮ ಕೆರೆ ಸೀಮೆಯ ಬೇಟೆನಾಯಿ ಪರೀಕ್ಷೆಗಳ ಹಿರಿಯ ತೀರ್ಪುಗಾರರೂ, ಊರಿನ ಶಾಲೆಯ ನಿವೃತ್ತ ಗಣಿತ ಮೇಷ್ಟ್ರೂ, ದೇವರ ದಯೆಯಿಂದ ಮತ್ತು ಸ್ವಲ್ಪಮಟ್ಟಿಗೆ ನನ್ನ ನಾಯಿಯ ದಯೆಯಿಂದ ಈಗಲೂ ಜೀವಂತರೂ ಆಗಿರುವ ಶ್ರೀ ಹಾರ್ಲನ್ ಟ್ವೇಟ್ ಅವರ ಸನ್ನಿಧಿಗೆ, ಶಾಲಾ ಬಸ್ಸಿನ ಚಾಲಕಿ ಆರ್ಡಿಸ್ ಕ್ವಾಮೆ ಮಾಡುವ ವಂದನೆಗಳು.

ಮಾನ್ಯರೇ,

ತಮ್ಮ ನೆಗಡಿ ಈಗ ಹೇಗಿದೆ ಎಂದು ಮೊದಲು ಕೇಳುವುದು ನನ್ನ ಧರ್ಮ. ಸೆಪ್ಟೆಂಬರಿನಲ್ಲಿ ನಮ್ಮ ಮಿನೆಸೋಟದ ನೀರು ಯಾರ ಎದೆಗೂ ಒಳ್ಳೆಯದಲ್ಲ, ಅದರಲ್ಲೂ ಗಂಟಲಿನವರೆಗೆ ಹತ್ತಿದರೆ ಇನ್ನೂ ಒಳ್ಳೆಯದಲ್ಲ. ತಾವು ಗುಣವಾಗಿದ್ದೀರೆಂದು ನಂಬಿ, ಕಳೆದ ಪರೀಕ್ಷೆಯಲ್ಲಿ ನನ್ನ ಚೆಸಪೀಕ್ ತಳಿಯ ಕಂದು ನಾಯಿ ಬಟನ್‌ಗೆ ತಾವು ದಯಪಾಲಿಸಿದ ಸೊನ್ನೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣ, ಆ ಸೊನ್ನೆಯನ್ನೂ ತಾವು ಬಹಿರಂಗವಾಗಿಯೇ ಕೊಟ್ಟಿರಿ, ಅದೂ ನಾಯಿಯ ಬಾಯಲ್ಲಿದ್ದುಕೊಂಡೇ.

ಬಟನ್‌ಗೆ ವಯಸ್ಸಾಗಿದೆ. ಸೊಂಟದ ಕೀಲು ಸವೆದಿದೆ, ಇದೇ ಅವಳ ಕೊನೆಯ ಹಂಗಾಮು ಎಂದು ದನ-ನಾಯಿಗಳ ಡಾಕ್ಟರು ಹೇಳಿಯಾಗಿದೆ. ಬಿದ್ದ ಹಕ್ಕಿಯನ್ನು ನೆನಪಿಟ್ಟುಕೊಂಡು ತರುವುದು, ಕಾಣದ ಹಕ್ಕಿಯನ್ನು ಸೀಟಿ ಮತ್ತು ಕೈಸನ್ನೆ ನೋಡಿ ತರುವುದು, ತಂದದ್ದನ್ನು ಹಲ್ಲು ತಾಗಿಸದೆ ಯಜಮಾನಿಯ ಕೈಗೆ ಒಪ್ಪಿಸುವುದು, ಇವೆಲ್ಲದರಲ್ಲೂ ಅವಳು ಅಂದು ಬೆಳಿಗ್ಗೆಯೇ ಗೆದ್ದಿದ್ದಳು. ಅವಳ ಹೆಸರಿನ ಮುಂದೆ ಬಿರುದು ಸೇರಲು ಉಳಿದಿದ್ದದ್ದು 'ಗೌರವ' ಎಂಬ ಪಾಠವೊಂದೇ. ಅಂದರೆ ಇನ್ನೊಂದು ನಾಯಿ ಕೆಲಸ ಮಾಡುವಾಗ ಪಕ್ಕದಲ್ಲಿ ಕದಲದೆ ಕೂತಿರಬೇಕು, ತೀರ್ಪುಗಾರರು ಬಿಡುಗಡೆ ಹೇಳುವವರೆಗೆ ಯಜಮಾನಿ ನಾಯಿಯನ್ನು ಮುಟ್ಟಬಾರದು, ಮಾತಾಡಿಸಬಾರದು. ಏನೂ ಮಾಡದೆ ಕೂರುವುದೇ ಎಲ್ಲಕ್ಕಿಂತ ಕಷ್ಟದ ಪಾಠ ಎಂದು ತಾವೇ ಬೆಳಗಿನ ಭಾಷಣದಲ್ಲಿ ಅಪ್ಪಣೆ ಕೊಡಿಸಿದ್ದಿರಿ.

ಕೆಲಸಕ್ಕೆ ನಿಂತಿದ್ದದ್ದು ಡ್ವೇನ್ ಪ್ರಿಬಿಲ್ ಅವರ ಕರಿಯ ಲ್ಯಾಬ್ರಡಾರ್ ಸೆನೆಟರ್. ಹಕ್ಕಿ ಎಸೆಯುವ ಕವಣೆಯಂತ್ರ ಚಿಮ್ಮಿತು, ಬರೀ ಸದ್ದಿನ ತೋಟಾ ಸಿಡಿಯಿತು, ಸತ್ತ ಬಾತುಕೋಳಿ ಕೆರೆಗೆ ಬಿತ್ತು, ಗಾಳಿಗೆ ಕೊಂಚ ಆಚೆ ತೇಲಿತು. ಬೇರೆ ಯಾವ ತೀರ್ಪುಗಾರರಾದರೂ ಕುರ್ಚಿಯಲ್ಲೇ ಕೂತು ಕಾಫಿ ಹೀರುತ್ತಿದ್ದರು. ತಾವಾದರೋ, ಈ ನಾಯಿಗೆ ಹಕ್ಕಿ ಮಿಕ್ಕ ನಾಯಿಗಳಿಗಿಂತ ಒಂದು ಗೇಣು ದೂರವಾಗಿ ಅನ್ಯಾಯವಾದೀತು ಎಂದು, ಅಳತೆಕೋಲು ಹಿಡಿದು ಜೊಂಡಿನ ಮೇಲೆ ಹೆಜ್ಜೆಯಿಟ್ಟಿರಿ. ಆ ಜೊಂಡು ನೆಲದ ಮೇಲೆ ಬೆಳೆದದ್ದಲ್ಲ, ನೀರಿನ ಮೇಲೆ ತೇಲುವುದು ಎಂಬುದು ಸೀಮೆಗೆಲ್ಲ ಗೊತ್ತು. ಆದರೆ ನ್ಯಾಯದ ದಾರಿಯಲ್ಲಿ ನಡೆಯುವವರು ಕೆಳಗೆ ನೋಡುವುದಿಲ್ಲವಲ್ಲ.

ತಾವು ಮುಳುಗಿದಾಗ ಒಬ್ಬರೂ ಕದಲಲಿಲ್ಲವೆಂದು ದಯವಿಟ್ಟು ಬೇಸರಿಸಬೇಡಿ. ನಾಯಿ ಪರೀಕ್ಷೆಯಲ್ಲಿರುವಾಗ ನೋಡುವವರು ಸದ್ದು ಮಾಡಬಾರದೆಂಬ ನಿಯಮವನ್ನು ನಮಗೆ ಕಲಿಸಿದವರೇ ತಾವು. ನಾಯಿಯ ಚಿತ್ತ ಕದಡಲು ತಾವೇ ಹೂಡಿದ ಹೊಸ ಉಪಾಯ ಇದೆಂದು ಹಲವರು ತಿಳಿದರು. ತಮ್ಮ ಸಹ ತೀರ್ಪುಗಾರ್ತಿ ಬರ್ನಿಸ್ ಲುಂಡೀನ್ ಕುರ್ಚಿಯಿಂದ ಅರ್ಧ ಎದ್ದು, ಬಹಳ ಮೆಲ್ಲಗೆ, "ಹಾರ್ಲನ್, ಇದೂ ಪರೀಕ್ಷೇಲಿ ಸೇರಿದ್ಯಾ?" ಎಂದು ಕೇಳಿದರು. ಆಗ ತಮ್ಮ ಬಾಯಲ್ಲಿ ಕೆರೆಯಿತ್ತು.

ಆಮೇಲೆ ತಾವು ಕೈಯೆತ್ತಿದಿರಿ. ತೀರ್ಪುಗಾರರು ಕೈಯೆತ್ತಿದರೆ ಇನ್ನೊಂದು ಹಕ್ಕಿ ಎಸೆಯಬೇಕೆಂದು ಕವಣೆಯ ಹಿಂದೆ ಕೂತವರಿಗೆ ಕಟ್ಟಪ್ಪಣೆಯಿತ್ತು. ಅವರು ಎಸೆದರು. ಬಾತುಕೋಳಿ ಬಂದು ತಮ್ಮ ಕಿವಿಯ ಪಕ್ಕದಲ್ಲೇ ಬಿತ್ತು. ತಾವು ಗಾಬರಿಯಿಂದ ಇನ್ನೊಂದು ಕೈಯನ್ನೂ ಎತ್ತಿದಿರಿ. ಅವರು ಮತ್ತೊಂದನ್ನು ಎಸೆದರು. ಇಂಥ ಶಿಸ್ತನ್ನು ನಮ್ಮ ಬೇಟೆನಾಯಿ ಸಂಘ ಹಿಂದೆಂದೂ ಕಂಡಿರಲಿಲ್ಲ.

ಈ ಹೊತ್ತಿಗೆ ಸೆನೆಟರ್ ಈಜಿ ಬಂದು, ತಮ್ಮ ತಲೆಯನ್ನು ಒಮ್ಮೆ ಮೂಸಿ, ಅದು ತನಗೆ ಹೇಳಿದ ಹಕ್ಕಿಯಲ್ಲವೆಂದು ಖಚಿತಪಡಿಸಿಕೊಂಡು, ತಮ್ಮನ್ನು ಸುತ್ತುಹಾಕಿ ಮುಂದೆ ಹೋಗಿ ಮೊದಲನೆಯ ಬಾತುಕೋಳಿಯನ್ನು ಕಚ್ಚಿ ದಡ ಸೇರಿದ. ಡ್ವೇನ್ ಅದನ್ನು ಕೈಗೆ ತೆಗೆದುಕೊಂಡು ನನ್ನ ಕಡೆ ತಿರುಗಿ, "ನಮ್ ಸೆನೆಟರ್ ಅಡ್ಡ ಬಂದಿದ್ದಕ್ಕೆಲ್ಲ ತಲೆ ಕೆಡಿಸ್ಕೊಳ್ಳಲ್ಲ ಅಕ್ಕಾ" ಎಂದು ಪಿಸುಗುಟ್ಟಿದರು. ಆ ನಾಯಿಗೆ ತಾವು ಹತ್ತಕ್ಕೆ ಹತ್ತು ಕೊಟ್ಟಿರಿ. ಅದರಲ್ಲಿ ನನಗೆ ಲವಲೇಶವೂ ತಕರಾರಿಲ್ಲ.

ಬಟನ್ ಎದ್ದದ್ದು ಆಗ. ನಾನು ಕರೆಯಲಿಲ್ಲ, ಬೆರಳನ್ನೂ ಅಲ್ಲಾಡಿಸಲಿಲ್ಲ, ದೇವರಾಣೆ. ಸವೆದ ಸೊಂಟವನ್ನು ಎಳೆದುಕೊಂಡು ನೀರಿಗಿಳಿದಳು, ಬಲಕ್ಕೊಂದು ಎಡಕ್ಕೊಂದು ತೇಲುತ್ತಿದ್ದ ಬಾತುಕೋಳಿಗಳ ನಡುವೆ ನೆಟ್ಟಗೆ ಹೋದಳು, ತಮ್ಮ ಕೋಟಿನ ಕಾಲರನ್ನು ಹಿಡಿದು ತಿರುಗಿದಳು. ತಮ್ಮ ತೂಕದ ವಿಷಯದಲ್ಲಿ ನಾನು ಏನನ್ನೂ ಹೇಳಬಯಸುವುದಿಲ್ಲ, ಆದರೂ ಪಟ್ಟುಬಿಡದ ಗುಣಕ್ಕೆ ಅಂಕವಿರುವುದು ನಿಜವಾದರೆ ಆ ಕಲಮಿನಲ್ಲಿ ಏನನ್ನಾದರೂ ಬರೆಯಬಹುದಿತ್ತು. ಮೆದುಬಾಯಿಯ ವಿಷಯಕ್ಕೆ ಬಂದರೆ, ತಮ್ಮ ಕತ್ತಿನ ಮೇಲೆ ಒಂದು ಗೀರೂ ಇರಲಿಲ್ಲವೆಂದು ಬರ್ನಿಸ್ ಕನ್ನಡಕ ಹಾಕಿಕೊಂಡು ನೋಡಿ ಹೇಳಿದ್ದಾರೆ. ಅವಳು ತಮ್ಮನ್ನು ನಾನು ನಿಂತಿದ್ದ ಗೆರೆಯವರೆಗೂ ಎಳೆದು ತಂದು, ನನ್ನ ಮುಂದೆ ಕೂತು, ಕತ್ತೆತ್ತಿ, ಕೈಗೆ ತೆಗೆದುಕೋ ಎಂದು ಕಾದಳು.

ನನ್ನ ಇಕ್ಕಟ್ಟನ್ನು ತಾವು ಯೋಚಿಸಬೇಕು. ತೀರ್ಪುಗಾರರು ಬಿಡುಗಡೆ ಹೇಳುವವರೆಗೆ ನಾನು ನಾಯಿಗೆ 'ಬಿಡು' ಎನ್ನುವಂತಿಲ್ಲ, ನಾನು 'ಬಿಡು' ಎನ್ನುವವರೆಗೆ ನಾಯಿ ತೀರ್ಪುಗಾರರನ್ನು ಬಿಡುವಂತಿಲ್ಲ. ನಾನು ಸುಮ್ಮನೆ ನಿಂತೆ. "ತಗೊಳ್ಳೇ ಆರ್ಡಿಸ್, ಅವ್ನಿಗೆ ಉಸಿರು ಕಟ್ತಾ ಇದೆ!" ಎಂದು ಬರ್ನಿಸ್ ಕೂಗಿಕೊಂಡರು. ಆಗ ತಾವು ಕೆಸರು ಉಗಿದು, ಮಲಗಿದಲ್ಲಿಂದಲೇ ಆಡಿದ ಮಾತನ್ನು ನಮ್ಮ ಸೀಮೆ ಬಹುಕಾಲ ಮರೆಯಲಾರದು: "ಈ ನಾಯಿ ಅಪ್ಪಣೆ ಇಲ್ದೆ ಎದ್ದಿದೆ. ಸೊನ್ನೆ. ನೀನೇ ಬರ್ಕೋ ಬರ್ನಿಸ್, ನನ್ ಪೆನ್ಸಿಲ್ ನೀರು ಪಾಲಾಯ್ತು."

"ಅದು ನಿನ್ನ ಪ್ರಾಣ ಉಳಿಸ್ತು ಕಣೋ!"

"ಪ್ರಾಣ ಬೇರೆ, ಪರೀಕ್ಷೆ ಬೇರೆ."

ಮಾನ್ಯರೇ, ಹಿಂದೊಮ್ಮೆ ನನ್ನ ಮಗನನ್ನು ಗಣಿತದಲ್ಲಿ ಅರ್ಧ ಅಂಕಕ್ಕೆ ನಪಾಸು ಮಾಡಿದಾಗ ತಮ್ಮನ್ನು ಕಲ್ಲೆದೆಯವರೆಂದು ತಿಳಿದಿದ್ದೆ. ಅಂದು ಆ ತಪ್ಪು ತಿಳಿವಳಿಕೆ ಹರಿಯಿತು. ಸ್ವಂತ ಪ್ರಾಣದ ವಿಷಯದಲ್ಲೂ ಅರ್ಧ ಅಂಕ ಸಡಿಲಿಸದವರು ನನ್ನ ಮಗನಿಗೆ ಹೇಗೆ ಸಡಿಲಿಸಿಯಾರು? ಕಾಫಿ ಡೇರೆಯಲ್ಲಿ ಸಂಘದ ಹಿರಿಯರು ಸೇರಿ ನನ್ನ ಮೇಲ್ಮನವಿ ಕೇಳಿದಾಗಲೂ ತಾವು ಕುದುರೆ ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತಾ, "ನಿಯಮದಲ್ಲಿ ಹಕ್ಕಿ ಅಂತಿದೆ. ನಾನು ಹಕ್ಕಿ ಅಲ್ಲ" ಎಂದಿರಿ. ಹಿರಿಯರು ತಮ್ಮನ್ನು ಮೇಲಿಂದ ಕೆಳಗೆ ನೋಡಿ ಒಪ್ಪಿಕೊಂಡರು.

ಆದಕಾರಣ ಮುಂದಿನ ಪರೀಕ್ಷೆಗಳಲ್ಲಿ ತೀರ್ಪುಗಾರರು ಟೋಪಿಗೆ ನಾಲ್ಕು ಬಾತುಗರಿಗಳನ್ನಾದರೂ ಸಿಕ್ಕಿಸಿಕೊಳ್ಳಬೇಕೆಂದೂ, ಮುಳುಗುವ ಮುನ್ನ ನಾಯಿಗೆ ಲಿಖಿತ ಅಪ್ಪಣೆ ಕೊಡಬೇಕೆಂದೂ, ಅದೂ ಸಾಧ್ಯವಾಗದಿದ್ದರೆ ಸರದಿಯಲ್ಲಿರುವ ನಾಯಿಯ ಕೆಲಸ ಮುಗಿಯುವವರೆಗೆ ಮುಳುಗುವುದನ್ನು ಮುಂದೂಡಬೇಕೆಂದೂ ವಿನಂತಿಸಿ ಒಂದು ತಿದ್ದುಪಡಿ ಬರೆದಿಟ್ಟಿದ್ದೆ. ಅದನ್ನೀಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಕಾರಣವಿದೆ.

ಹಂಗಾಮಿನ ಕೊನೆಯ ಪರೀಕ್ಷೆ ಇನ್ನೂ ಬಾಕಿಯಿತ್ತಷ್ಟೆ. ಬಟನ್‌ಗೆ ಈ ಗೌರವವನ್ನು ಕಲಿಸಿಯೇ ತೀರುವೆನೆಂದು ಹಟ ಹಿಡಿದು, ನನ್ನ ಗಂಡ ವೆಂಡೆಲ್‌ನನ್ನು ದಿನಾ ಸಂಜೆ ನಮ್ಮ ಹಿತ್ತಲ ಕೊಳಕ್ಕೆ ಇಳಿಸಿದೆ. ಅವನು ಮುಳುಗಬೇಕು, ಅವಳು ಕೂತಿರಬೇಕು. ಮೊದಲ ದಿನಗಳಲ್ಲಿ ಅವನು ನೀರಿಗೆ ಬೀಳುವುದೇ ತಡ, ಎಳೆದು ತಂದು ನನ್ನ ಕೈಗೊಪ್ಪಿಸಿ ಬಾಲ ಆಡಿಸುತ್ತಿದ್ದಳು. ನಾನು ಗದರಿದೆ. ಮತ್ತೆ ಇಳಿಸಿದೆ. "ವೆಂಡೆಲ್, ಇನ್ನೂ ಸ್ವಲ್ಪ ನಿಜವಾಗಿ ಮುಳುಗು" ಎಂದರೆ, "ಇಷ್ಟು ವರ್ಷ ನಿನ್ ಜೊತೆ ಬಾಳಿದೀನಿ, ಮುಳುಗೋದನ್ನ ನಂಗೆ ಹೇಳ್ಕೊಡ್ಬೇಡ" ಎಂದು ಸೀನುತ್ತಿದ್ದ.

ಕಳೆದ ಭಾನುವಾರ ಬಟನ್ ಕೂತಳು. ವೆಂಡೆಲ್ ಕೈಕಾಲು ಬಡಿದ, ಕೂಗಿದ, ಒಳಗೆ ಹೋದ. ಅವಳು ಕದಲಲಿಲ್ಲ. ಮುಂಗಾಲಿನಿಂದ ಮಣ್ಣು ಕೆದಕುತ್ತಿದ್ದಳು, ಮೈಯೆಲ್ಲ ಅದುರುತ್ತಿತ್ತು. ಕೊಳದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಮತ್ತೆ ಕೊಳದ ಕಡೆ. ಹತ್ತಕ್ಕೆ ಹತ್ತು. ಇಷ್ಟು ದಿನ ನಾನು ಬೇಡಿದ್ದು ಇದನ್ನೇ. ಅವಳ ಆ ನೋಟವನ್ನು ತಡೆಯಲಾರದೆ "ಹೋಗು ಬಟನ್, ಹೋಗು!" ಎಂದು ಕಿರುಚಿ, ಅವಳ ಜೊತೆಗೆ ನಾನೂ ಹಾಕಿದ ಬಟ್ಟೆಯಲ್ಲೇ ನೀರಿಗೆ ಬಿದ್ದೆ. ವೆಂಡೆಲ್ ತಲೆಯೆತ್ತಿ, "ಏನೇ ಇದು, ಅಷ್ಟು ಚೆನ್ನಾಗಿ ಕೂತಿತ್ತಲ್ಲ!" ಎಂದ. ನಾನು ಅವನ ಕಾಲರ್ ಹಿಡಿದುಕೊಂಡಿದ್ದೆ. ಇನ್ನೊಂದು ಬದಿಯನ್ನು ಬಟನ್ ಹಿಡಿದಿದ್ದಳು.

ಆದ್ದರಿಂದ ಕೊನೆಯ ಪರೀಕ್ಷೆಯಿಂದ ಅವಳ ಹೆಸರನ್ನು ದಯವಿಟ್ಟು ತೆಗೆದುಹಾಕಿ. ನ್ಯಾಯವಾದ ತೀರ್ಪಿಗೆ ಅವಳು ಅರ್ಹಳಲ್ಲ. ಬಿರುದಿಲ್ಲದೆಯೇ ಒಲೆಯ ಬಳಿ ಮಲಗುತ್ತಾಳೆ. ತಾವು ಕೊಟ್ಟ ಸೊನ್ನೆಗೆ ಚೌಕಟ್ಟು ಹಾಕಿಸಿ ಅಲ್ಲೇ ಗೋಡೆಗೆ ತೂಗುಹಾಕಿದ್ದೇನೆ.

ತಮ್ಮ ನ್ಯಾಯನಿಷ್ಠೆಯ ಮುಂದೆ ಇನ್ನೂ ಒದ್ದೆಯಾಗಿಯೇ ನಿಂತಿರುವ,
ತಮ್ಮ ವಿಶ್ವಾಸಿ,
ಆರ್ಡಿಸ್ ಕ್ವಾಮೆ

ಮರೆತ ಮಾತು: ನಿನ್ನೆ ಸಂಘದ ಕೆರೆಯ ದಡದಲ್ಲಿ ಅಡ್ಡಾಡುವಾಗ ಬಟನ್ ಜೊಂಡಿನೊಳಗಿಂದ ಎಡಗಾಲಿನ ಬೂಟೊಂದನ್ನು ತಂದು ನನ್ನ ಕೈಗಿತ್ತಳು. ಒಳಗೆ ತಮ್ಮ ಹೆಸರಿದೆ, ಹಲ್ಲಿನ ಗುರುತಿಲ್ಲ. ಆದರೆ ನಿಯಮದಲ್ಲಿ ಹಕ್ಕಿ ಅಂತಿದೆ, ಬೂಟು ಹಕ್ಕಿಯಲ್ಲ. ಹಾಗಾಗಿ ಅದನ್ನು ಸಿಕ್ಕಿದಲ್ಲಿಗೇ ವಾಪಸು ಎಸೆದಿದ್ದೇನೆ. ಬಿಡುವಾದಾಗ ಹೋಗಿ ತೆಗೆದುಕೊಳ್ಳಿ, ಜಾಗ ತಮಗೆ ಗೊತ್ತೇ ಇದೆ.